ಜಿಂಕೆ ಹೆದರಿದ್ದಲ್ಲ, ಮೇವು ಬದಲಿಸಿದ್ದು

ಅಕ್ಟೋಬರ್ ಮೊದಲಲ್ಲಿ ಸೋಯಾ ಹೊಲದಂಚಿಗೆ ಜಿಂಕೆ ಬಾರದಿರಲು ಬೇಟೆಗಾರರ ಓಡಾಟವೇ ಕಾರಣ ಎಂದು ಬರೆದಿದ್ದೀರಿ. ಇದನ್ನು ಒಪ್ಪಲಾರೆ. ಅಮೆರಿಕದ ಪೂರ್ವ ಭಾಗದ ಕಾಡುಗಳಲ್ಲಿ ಬಿಳಿ ಓಕ್ ಕಾಯಿ ಉದುರುವುದೂ ಅದೇ ಹೊತ್ತಿಗೆ. ಒಗರು ಕಡಿಮೆಯಾದ್ದರಿಂದ ಬಿಳಿಬಾಲದ ಜಿಂಕೆ ಹೊಲ ಬಿಟ್ಟು ಅದಕ್ಕೇ ಮುಗಿಬೀಳುತ್ತದೆ. ಒಗರು ಕೊಡುವ ಟ್ಯಾನಿನ್ ಹೆಚ್ಚಿರುವ ಕೆಂಪು ಓಕ್‌ನ ಸರದಿ ಆಮೇಲೆ.

ವಸಂತದ ಹಿಮಕ್ಕೆ ಓಕ್ ಫಸಲೆಲ್ಲ ಹೋಯಿತೆಂಬುದೂ ಅರ್ಧ ಸತ್ಯ. ಬಿಳಿ ಓಕ್ ಕಾಯಿ ಹೂಬಿಟ್ಟ ವರ್ಷವೇ ಬಲಿಯುತ್ತದೆ, ಹಾಗಾಗಿ ಹೊಡೆತ ಈ ವರ್ಷಕ್ಕೇ. ಕೆಂಪು ಓಕ್ ಕಾಯಿ ಬಲಿಯಲು ಎರಡು ಬೇಸಿಗೆ ಬೇಕು. ಈಗ ಉದುರುವುದು ಹೋದ ವರ್ಷದ ಹೂವಿನದು. ಹಿಮ ಬಿದ್ದ ವರ್ಷ ಕೆಂಪು ಓಕ್ ಬುಡವನ್ನೇ ನೋಡಿ. ಎಲೆಯ ಹಾಲೆಗಳ (ಅಂಚಿನಿಂದ ಚಾಚಿದ ಭಾಗಗಳ) ತುದಿಯಲ್ಲಿ ಮುಳ್ಳಿನಂಥ ಮೊನೆಯಿದ್ದರೆ ಅದು ಕೆಂಪು, ದುಂಡಗಿದ್ದರೆ ಬಿಳಿ.

ಆಗಸ್ಟ್ ಕೊನೆಗೇ ಕಾಯಿ ಹಿಡಿದಿದೆಯೇ ಎಂದು ಬೈನಾಕ್ಯುಲರ್‌ನಲ್ಲಿ ತುದಿಕೊಂಬೆ ಪರೀಕ್ಷಿಸುವುದು ಒಳ್ಳೆಯದು. ನೆಲದಲ್ಲಿ ಕಾಯಿ ಕಂಡಿತೆಂದು ಅಲ್ಲೇ ಬೇಟೆಗೆ ಕೂರುವ ಅಟ್ಟಣೆ ಕಟ್ಟಬೇಡಿ: ಮೊದಲು ಬೀಳುವವು ಬಹುಪಾಲು ಹುಳುಕು, ನೀರಿಗೆ ಹಾಕಿದರೆ ತೇಲುತ್ತವೆ. ಜಗಿದುಗುಳಿದ ಸಿಪ್ಪೆ, ಹಸಿ ಹಿಕ್ಕೆ ಎರಡೂ ಇರುವ ಮರವೇ ಸರಿ. ಎಲ್ಲ ಮರವೂ ತುಂಬಿ ಉದುರುವ ವರ್ಷ ಮಾತ್ರ ಒಂದೇ ಮರ ನೆಚ್ಚಿ ಫಲವಿಲ್ಲ. ಜಿಂಕೆ ಮಲಗುವ ಪೊದೆಯಿಂದ ಹೊರಡುವ ಜಾಡು ಕಾಯಬೇಕು.