ಮಾಳಿಗೆ ಮೇಲೆ ಮೂಕ ಮದುವೆ

ಮೊಬೈಲಿನ ವಿಡಿಯೊ ಪ್ಲೇಯರ್ ಮಾಡುವವರ ತಲೆಯಲ್ಲಿ ಒಬ್ಬ ಮನುಷ್ಯ ಇರುತ್ತಾನೆ. ಅವನು ಒಬ್ಬನೇ ಕೂತಿರುತ್ತಾನೆ. ಕಿವಿಯಲ್ಲಿ ಇಯರ್‌ಫೋನ್. ಹೆಗಲ ಮೇಲೆ ಗದ್ದ ಊರಿ ಇಣುಕುವವರಿಲ್ಲ. "ಹಿಂದಕ್ಕ ಹಾಕು, ನಾ ನೋಡ್ಲಿಲ್ಲ" ಅನ್ನುವವರಿಲ್ಲ. ಇಂಥ ಪುಣ್ಯವಂತ ಎಲ್ಲಿ ಸಿಗುತ್ತಾನೋ, ಕಲಬುರಗಿಯ ನಮ್ಮ ಮನೆಯಲ್ಲಂತೂ ಇಲ್ಲ. ನಮ್ಮಲ್ಲಿ ಫೋನಿನ ಬೆಳಕು ಹತ್ತಿತು ಅಂದ್ರೆ ಸಾಕು, ಅಡುಗೆಮನೆಯಲ್ಲಿದ್ದವರೂ ಕೈ ಒರೆಸಿಕೊಳ್ಳುತ್ತಾ ಬರುತ್ತಾರೆ.

ಕಾಕಾನ ಮಗಳ ಮದುವೆಯ ವಿಡಿಯೊ ನೋಡಿದ್ದೂ ಹಾಗೆಯೇ. ಮೇ ತಿಂಗಳು. ಮೇ ಅಂದ್ರೆ ಇಲ್ಲಿ 42 ಡಿಗ್ರಿಗೆ ಯಾರೂ ಹುಬ್ಬು ಹಾರಿಸುವುದಿಲ್ಲ. ಹುಮನಾಬಾದಿನಿಂದ ಬೀಗರು ಬಂದಿದ್ದರು. ಸಂಜೆ ಕರೆಂಟ್ ಹೋಯಿತು, ಅದರ ಹಿಂದೆಯೇ ಟಿವಿಯೂ ಹೋಯಿತು. ಎಲ್ಲರೂ ಚಾಪೆ ಹಿಡಿದು ಮಾಳಿಗೆ ಹತ್ತಿದೆವು. ಕಾಲಡಿಯ ಶಹಾಬಾದಿ ಫರಸಿ ಇನ್ನೂ ಸುಡುತ್ತಿತ್ತು. ಎರಡು ಕೊಡ ನೀರು ಚೆಲ್ಲಿ, ಚಾಪೆ ಹಾಸಿ, ಸುಸಲಾ ಮತ್ತು ಮಿರ್ಚಿ ಭಜಿ ತಂದಿಟ್ಟರು.

ಬೀಗರು ಮಿರ್ಚಿ ಕಡಿಯುತ್ತಾ, "ಏನೇ ಅನ್ರಿ, ಮದುವ್ಯಾಗ ಸಾರು ಭಾಳ ರುಚಿ ಆಗಿತ್ತು" ಅಂದರು.

ಕಾಕಾ ಅರಳಿಬಿಟ್ಟರು. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದ್ರೆ ಈ ನೆಲದ್ದೇ ಅನ್ನುವ ಸರಕಾರಿ ಮುದ್ರೆ ಸಿಕ್ಕಿದೆಯಲ್ಲ, ಅದು ತಮಗೇ ಕೊಟ್ಟ ಪದಕ ಅನ್ನುವ ಹಾಗೆ ಅವರು ನಡೆದುಕೊಳ್ಳುತ್ತಾರೆ. "ಬ್ಯಾಳಿ ನಮ್ಮ ಹೊಲದ್ದೇ ರೀ. ಸಾರು ಗಟ್ಟಿ ಇರ್ಬೇಕಂತ ಅಡಗಿಯವಗ ನಾನೇ ನಿಂತು ಹೇಳೀನಿ" ಅಂದರು. ಈ ಮಾತು ನೆನಪಿರಲಿ.

ಅದೇ ಹೊತ್ತಿಗೆ ಪೆನ್‌ಡ್ರೈವ್ ಹೊರಗೆ ಬಂತು. ಫೋಟೋದವ ಅದನ್ನು ಕೊಡುವಾಗಲೇ, "ಎಡಿಟಿಂಗ್ ಇನ್ನಾ ಆಗಿಲ್ರಿ. ಕ್ಯಾಮೆರಾದಾಗ ಇದ್ದದ್ದು ಇದ್ದಂಗೇ ಹಾಕೀನಿ" ಅಂದಿದ್ದ. ಒಟಿಜಿ ಕೇಬಲ್ ಹಾಕಿ ನನ್ನ ಫೋನಿಗೆ ಸಿಕ್ಕಿಸಿದೆ. ಫೈಲುಗಳ ಹೆಸರು 00000, 00001, 00002. ಪ್ರತಿಯೊಂದರ ಬಾಲಕ್ಕೂ ಎಂಟಿಎಸ್. ಅರಿಶಿಣ ಯಾವುದರಲ್ಲಿದೆ, ತಾಳಿ ಯಾವುದರಲ್ಲಿದೆ, ಊಟ ಯಾವುದರಲ್ಲಿದೆ, ದೇವರೇ ಬಲ್ಲ.

ಮೊದಲನೆಯದನ್ನು ಒತ್ತಿದೆ. ಚಿತ್ರ ಬಂತು. ದನಿ ಬರಲಿಲ್ಲ. 'ಆಡಿಯೊ ಫಾರ್ಮ್ಯಾಟ್ ಬೆಂಬಲಿತವಾಗಿಲ್ಲ' ಅನ್ನುವ ಒಂದು ಪಟ್ಟಿ ಬಂದು ಮಾಯವಾಯಿತು.

"ಫೋನ್ ಒಮ್ಮೆ ಝಾಡಿಸು" ಅಂದಳು ಆಯಿ.

ಝಾಡಿಸಿದರೆ ಬರುವ ದನಿ ಅಲ್ಲ ಅದು. ಇದು ಕ್ಯಾಮೆರಾಗಳು ವಿಡಿಯೊ ತುಂಬಿಡುವ ಎವಿಸಿಎಚ್‌ಡಿ ಅನ್ನುವ ಪದ್ಧತಿ. ಜಪಾನಿನ ಎರಡು ಕಂಪನಿಗಳು ಸೇರಿ 2006ರಲ್ಲಿ ತಂದದ್ದು. ಅದರಲ್ಲಿ ಚಿತ್ರ ಎಲ್ಲ ಫೋನಿಗೂ ಗೊತ್ತಿರುವ ಎಚ್.264 ಅನ್ನುವ ನಮೂನೆಯದು. ದನಿ ಮಾತ್ರ ಸಾಮಾನ್ಯವಾಗಿ ಎಸಿ-3, ಅಂದ್ರೆ ಡಾಲ್ಬಿ ಡಿಜಿಟಲ್. ಅದನ್ನು ಬಿಚ್ಚಿ ಕೇಳಿಸಲು ಲೈಸೆನ್ಸಿನ ತಂಟೆ ಬೇಡ ಅಂತ ಕೆಲವು ಪುಕ್ಕಟೆ ಆ್ಯಪ್‌ಗಳು ಅದರ ಗೊಡವೆಯನ್ನೇ ಬಿಟ್ಟಿವೆ. ಇದನ್ನೆಲ್ಲ ಬೀಗತಿಯರಿಗೆ ವಿವರಿಸಲು ಹೋದೆ. "ಅಂದ್ರ ನಿನ್ನ ಫೋನ್ ಹಳೇದು" ಅಂತ ಒಂದೇ ಮಾತಿನಲ್ಲಿ ತೀರ್ಪು ಬಂತು.

ಹೀಗೆ ಮೂಕ ಮದುವೆ ಶುರುವಾಯಿತು. ಬ್ಯಾಂಡಿನವರು ಗಲ್ಲ ಉಬ್ಬಿಸಿ ಊದುತ್ತಿದ್ದರು, ಸದ್ದಿಲ್ಲ. ಸ್ವಾಮಿಗಳು ಆಶೀರ್ವಾದ ಮಾಡುತ್ತಿದ್ದರು, ತುಟಿ ಮಾತ್ರ ಅಲ್ಲಾಡುತ್ತಿತ್ತು. ಊರಿನ ಮುಖಂಡರೊಬ್ಬರು ಮೈಕ್ ಹಿಡಿದ ಕ್ಲಿಪ್ಪು ಬಂದಾಗ ಮಾತ್ರ ದನಿ ಇಲ್ಲ ಅಂತ ಯಾರೂ ಗೊಣಗಲಿಲ್ಲ. ಉಳಿದ ಕಡೆ ದನಿಯನ್ನು ಮಾಳಿಗೆ ಮೇಲಿದ್ದವರೇ ತುಂಬಿದರು. ಯಾರು ಯಾರಿಗೆ ಏನಂದರು, ಯಾವ ಅತ್ತೆ ಯಾಕೆ ಮಾರಿ ತಿರುವಿದಳು, ಎಲ್ಲದಕ್ಕೂ ಎರಡೆರಡು ಪಾಠ. ಸುಳ್ಳು ಯಾಕೆ ಹೇಳಲಿ, ಇದು ಅಸಲಿಗಿಂತ ಚೆನ್ನಾಗಿತ್ತು.

ಅಕ್ಕಿಕಾಳು ಹಾಕುವಾಗ ಮತ್ತೊಂದು ತಂಟೆ. ಕೈ ಎತ್ತಿದವರ ಬೆರಳಿಗೆಲ್ಲ ಬಾಚಣಿಗೆಯ ಹಲ್ಲು ಮೂಡಿದ ಹಾಗೆ ಗೆರೆ. ಆ ಕ್ಯಾಮೆರಾ ಒಂದು ಸಲ ಬೆಸ ಗೆರೆ, ಇನ್ನೊಂದು ಸಲ ಸರಿ ಗೆರೆ ಅಂತ ಚಿತ್ರವನ್ನು ಅರ್ಧರ್ಧ ಹಿಡಿಯುವ ಜಾತಿಯದು. ಹಳೇ ಟಿವಿಗೆ ಅದು ಸರಿ. ಫೋನಿನಲ್ಲಿ ಎರಡು ಅರ್ಧವನ್ನೂ ಪ್ಲೇಯರೇ ಹೊಂದಿಸಬೇಕು. ನನ್ನ ಆ್ಯಪ್ ಹೊಂದಿಸಲಿಲ್ಲ. ಸುಮ್ಮನೆ ನಿಂತವರು ಲಕ್ಷಣವಾಗಿ ಕಂಡರು, ಓಡಾಡಿದವರೆಲ್ಲ ಹರಿದು ಹೋದರು.

ತಾಳಿ ಸಿಕ್ಕಿತು. ಮದುಮಗ ಕೈ ಎತ್ತಿದ. ಎಲ್ಲರೂ ಉಸಿರು ಹಿಡಿದರು. ಫೈಲು ಮುಗಿಯಿತು. ಕ್ಯಾಮೆರಾದ ಕಾರ್ಡು ಫೈಲುಗಳನ್ನು ಫ್ಯಾಟ್32 ಅನ್ನುವ ಹಳೇ ಪದ್ಧತಿಯಲ್ಲಿ ಇಡುವುದಾದರೆ ಒಂದು ಫೈಲು 4 ಜಿಬಿ ದಾಟುವಂತಿಲ್ಲ. ಮುಹೂರ್ತ ನೋಡಿ ತುಂಡು ಮಾಡುವ ಬುದ್ಧಿ ಅದಕ್ಕೆಲ್ಲಿಂದ ಬರಬೇಕು? ನಾನು ಮುಂದಿನ ಫೈಲು ಹುಡುಕಿ ಹಚ್ಚಿದೆ. ತಾಳಿ ಕಟ್ಟಿದ. ಆಯಿಗೆ ಸಂತೋಷ ತಡೆಯಲಾಗಲಿಲ್ಲ. "ನೋಡ್ರಿ, ನಮ್ಮ ಹುಡುಗಿ ಹ್ಯಾಂಗ ನಾಚ್ಯಾಳ!" ಅಂತ ಪರದೆ ಮೇಲೇ ಬೆರಳಿಟ್ಟು ಎಡಕ್ಕೆ ಎಳೆದಳು. ಬೆರಳು ಎಡಕ್ಕೆ ಎಳೆದರೆ ವಿಡಿಯೊ ಹಿಂದಕ್ಕೆ. ಅಷ್ಟೂ ಜನ ನೋಡುತ್ತಿರುವಾಗಲೇ ಕಟ್ಟಿದ ತಾಳಿ ಬಿಚ್ಚಿಕೊಂಡು ಮದುಮಗನ ಕೈಗೆ ವಾಪಸ್ ಬಂತು.

"ಅಯ್ಯ ಶಿವನೇ!" ಅಂತ ಬೀಗತಿಯೊಬ್ಬರು ಕೆನ್ನೆ ಕೆನ್ನೆ ಬಡಿದುಕೊಂಡರು.

ಮದುಮಗನ ತಮ್ಮನಿಗೆ ಇನ್ನು ತಡೆಯಲಾಗಲಿಲ್ಲ. ಫೋನ್ ಕಸಿದುಕೊಂಡು ವಿಎಲ್‌ಸಿ ಇಳಿಸಿದ. ಅದೇ, ಕೇಸರಿ ಕೋನಿನ ಗುರುತಿನದು. 1996ರಲ್ಲಿ ಫ್ರಾನ್ಸಿನ ಕಾಲೇಜು ಹುಡುಗರು ಶುರು ಮಾಡಿದ ಕೆಲಸ. ಅದು ಫೋನಿನಲ್ಲಿ ಏನಿದೆ, ಏನಿಲ್ಲ ಅಂತ ಕೇಳುತ್ತಾ ಕೂರುವುದಿಲ್ಲ. ಚಿತ್ರ, ದನಿ ಬಿಚ್ಚಲು ಬೇಕಾದ ಡಿಕೋಡರ್‌ಗಳನ್ನು ತಾನೇ ಹೊತ್ತು ತರುತ್ತದೆ. ಹುಡುಗ ಚುರುಕು. ಆಯಿಯ ಬೆರಳಿಗೆ ಹೆದರಿ ಪರದೆಗೆ ಲಾಕ್ ಹಾಕಿದ. ಚೀಲದಿಂದ ಬ್ಲೂಟೂತ್ ಸ್ಪೀಕರ್ ತೆಗೆದು ಜೋಡಿಸಿದ. ಫೋನ್ ಆಗಲೇ ಬಿಸಿಯಾಗಿ ತಾನಾಗಿಯೇ ಬೆಳಕು ತಗ್ಗಿಸಿಕೊಂಡಿತ್ತು. ಚಿತ್ರ ಮಬ್ಬು. ಆದರೆ ದನಿ! ಪಕ್ಕದ ಮನೆಯ ಮಾಳಿಗೆಯವರೂ ಎದ್ದು ಕೂತರು.

ಕ್ಯಾಮೆರಾ ವೇದಿಕೆಯ ಮೇಲಿದ್ದವರನ್ನು ತೋರಿಸುತ್ತದೆ. ಅದರ ಮೈಕಿಗೆ ವೇದಿಕೆ ದೂರ. ಮಗ್ಗುಲಲ್ಲಿ ನಿಂತವರ ಮಾತೇ ಅದಕ್ಕೆ ಜಾಸ್ತಿ ಕೇಳುತ್ತದೆ. ಪರದೆಯ ಮೇಲೆ ಮದುಮಕ್ಕಳು ಆರತಿ ಮಾಡಿಸಿಕೊಳ್ಳುತ್ತಿದ್ದರು. ಸ್ಪೀಕರಿನಿಂದ ಕಾಕಾನ ದನಿ ಬಂತು.

"ಬೀಗರು ಮುನ್ನೂರು ಮಂದಿ ಅಂದಿದ್ರು, ಐನೂರು ಮಂದಿ ಕರ್ಕೊಂಡು ಬಂದಾರ! ಸಾರು ಸಾಲಂಗಿಲ್ಲ. ನಾಕು ಕೊಡ ನೀರು ಹೊಡಿ. ಯಾರಿಗೂ ಗೊತ್ತಾಗಂಗಿಲ್ಲ…"

ನಾನು ದನಿ ತಗ್ಗಿಸಲು ಪರದೆ ತಿಕ್ಕಿದೆ. ಲಾಕ್. ನಿಲ್ಲಿಸಲು ಒತ್ತಿದೆ. ಲಾಕ್. ಆ ಪುಟ್ಟ ಬೀಗದ ಗುರುತು ಮಬ್ಬಿನಲ್ಲಿ ಕಣ್ಣಿಗೇ ಬೀಳುತ್ತಿಲ್ಲ. ಕಾಕಾ ಎದ್ದು ಬಂದವರೇ ಪೆನ್‌ಡ್ರೈವನ್ನು ಕಿತ್ತರು. ಚಿತ್ರ ನಿಂತಿತು. ಬ್ಲೂಟೂತಿನ ದನಿ ಯಾವತ್ತೂ ಚೂರು ಹಿಂದೆ ಇರುತ್ತದಲ್ಲ, ಅದಕ್ಕೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ. "ಬಿಡು, ಅವರಿಗೇನು ತಿಳೀತದ" ಅಂತ ಒಂದು ಮಾತು ಹೊರಗೆ ಹಾಕಿಯೇ ಸುಮ್ಮನಾಯಿತು.

ಮಿರ್ಚಿ ಕಡಿಯುವ ಸದ್ದೂ ಇಲ್ಲ. ಏನಾದರೂ ಮಾಡಬೇಕಲ್ಲ ಅಂತ ನಾನು ಪೆನ್‌ಡ್ರೈವನ್ನು ಮತ್ತೆ ಸಿಕ್ಕಿಸಿದೆ. ಓದುತ್ತಿರುವಾಗ ಕಿತ್ತದ್ದಕ್ಕೆ ಅದು ಕೆಟ್ಟು ಕೂತಿತ್ತು. ಫಾರ್ಮ್ಯಾಟ್ ಮಾಡಬೇಕೆ ಅಂತ ಫೋನ್ ಕೇಳಿತು.

"ಫಾರ್ಮ್ಯಾಟ್ ಅಂದ್ರೇನೋ ತಮ್ಮಾ?" ಕಾಕಾ ಮೆಲ್ಲಗೆ ಕೇಳಿದರು.

"ಒಳಗಿದ್ದದ್ದೆಲ್ಲಾ ಅಳಿಸಿ ಹೋಗ್ತದ ಕಾಕಾ."

"ಮಾಡು, ಲಗೂ ಮಾಡು."

ಬೀಗರು ಕೈ ಒರೆಸಿಕೊಂಡು, ಒಂದು ಮಿರ್ಚಿ ಎತ್ತಿಕೊಂಡರು. "ಮಾಡ್ರಿ, ಮಾಡ್ರಿ. ಫೋಟೋದವನ ಬಲ್ಲಿ ಇನ್ನೊಂದು ಕಾಪಿ ಅದ."