ಹುಟ್ಟಿದೂರಿನಲ್ಲೇ ನೆಂಟ

ಫಿನ್ಲೆಂಡಿನ ವಂತಾ ಊರಿಗೆ ಹೋಗಿಯೂ ಹೋಗಿದ್ದು ಗೊತ್ತಾಗದವರು ಬೇಕಾದಷ್ಟು ಜನ. ಹೆಲ್ಸಿಂಕಿ ವಿಮಾನ ನಿಲ್ದಾಣ ಇರುವುದೇ ವಂತಾದಲ್ಲಿ. ದೇವನಹಳ್ಳಿಯಲ್ಲಿ ಇಳಿದು ಬೆಂಗಳೂರಿಗೆ ಬಂದೆ ಅನ್ನುತ್ತೇವಲ್ಲ, ಹಾಗೆ. 1972ರವರೆಗೆ ಈ ಊರಿನ ಹೆಸರೇ ‘ಹೆಲ್ಸಿಂಕಿ ಗ್ರಾಮಾಂತರ’. ನೆಲಮಂಗಲ, ಹೊಸಕೋಟೆಯವರಿಗೆ ಈ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಅಲ್ಲಿ ಎರಡೂವರೆ ಲಕ್ಷದ ಆಸುಪಾಸು ಜನ ಇದ್ದಾರೆ. ನಮ್ಮ ಶಿವಮೊಗ್ಗದಲ್ಲಿ 2011ರಲ್ಲೇ ಅದಕ್ಕಿಂತ ಜಾಸ್ತಿ ಇದ್ದರು. ಆದರೆ ಅಲ್ಲಿಯ ಲೆಕ್ಕದಲ್ಲಿ ಅದು ದೇಶದ ನಾಲ್ಕನೇ ದೊಡ್ಡ ನಗರ. ಅದೂ ಬೆಳೆಯುತ್ತಿರುವ ನಗರ. ಫಿನ್ಲೆಂಡಿನಲ್ಲಿ ಊರು ಬೆಳೆಯುವುದು ಸುಮ್ನೆ ಮಾತಲ್ಲ. 2016ರಿಂದ ಅಲ್ಲಿ ಹುಟ್ಟುವವರಿಗಿಂತ ಸಾಯುವವರೇ ಜಾಸ್ತಿ. 2024ರಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.25 ಮಕ್ಕಳು. 1776ರಿಂದ ಈ ಲೆಕ್ಕ ಇಡುತ್ತಾ ಬಂದಿದ್ದಾರೆ, ಇಷ್ಟು ಕೆಳಗೆ ಎಂದೂ ಇಳಿದಿರಲಿಲ್ಲ.

ಸರ್ಕಾರ ಕೈಕಟ್ಟಿ ಕೂತಿಲ್ಲ. ಬಸುರಿಯರಿಗೆ ಮಗುವಿನ ಬಟ್ಟೆ, ಹಾಸಿಗೆ ತುಂಬಿದ ಪೆಟ್ಟಿಗೆ ಕೊಡುವ ಪದ್ಧತಿ 1938ರಿಂದ ಇದೆ. ಲೆಸ್ತಿಯಾರ್ವಿ ಅನ್ನುವ ಪುಟ್ಟ ಊರಂತೂ 2013ರಲ್ಲಿ, ಒಂದು ಮಗುವಿಗೆ 10,000 ಯೂರೋ ಕೊಡ್ತೀವಿ ಅಂತ ಸಾರಿತು. ಒಂದೇ ಸಲಕ್ಕಲ್ಲ, ಹತ್ತು ವರ್ಷದ ಕಂತಿನಲ್ಲಿ. ಫ್ರಿಜ್ಜಿಗಿದ್ದಂತೆ ಮಗುವಿಗೂ ಕಂತು. ಪೆಟ್ಟಿಗೆ ತಯಾರು, ದುಡ್ಡು ತಯಾರು, ಮಕ್ಕಳದ್ದೇ ಅಭಾವ.

ಕೊನೆಗೆ ಊರು ತುಂಬಿಸಿದ್ದು ಹೊರಗಿನಿಂದ ಬಂದವರು. ಭಾರತ, ವಿಯೆಟ್ನಾಂ, ಫಿಲಿಪೀನ್ಸ್, ಬ್ರೆಜಿಲ್ ಅಂತ ಪಟ್ಟಿ ಮಾಡಿ, ಕೆಲಸಕ್ಕೆ ಬನ್ನಿ ಅಂತ ಕರೆದದ್ದೂ ಅಲ್ಲಿಯ ಸರ್ಕಾರವೇ. ಜನ ಬಂದರು. 2024ರ ಅಕ್ಟೋಬರಿನಲ್ಲಿ ಪೌರತ್ವಕ್ಕೆ ಕಾಯುವ ಅವಧಿ 5 ವರ್ಷದಿಂದ 8ಕ್ಕೆ ಹೋಯಿತು. 2025ರ ಜೂನಿನಲ್ಲಿ ಇನ್ನೊಂದು ನಿಯಮ: ಕೆಲಸದ ಪರವಾನಗಿ ಮೇಲೆ ಬಂದವರಿಗೆ ಕೆಲಸ ಹೋದರೆ 3 ತಿಂಗಳಲ್ಲಿ ಬೇರೆ ಹುಡುಕಬೇಕು, ಕೆಲವರಿಗೆ ಮಾತ್ರ 6 ತಿಂಗಳು. ಇಲ್ಲದಿದ್ದರೆ ಪರವಾನಗಿಗೇ ಕುತ್ತು. ಊಟಕ್ಕೆ ಕರೆದು, ಎಲೆ ಹಾಕಿ, ಪಾಯಸ ಬರುವ ಮುಂಚೆ ಪಂಕ್ತಿಯಿಂದ ಎಬ್ಬಿಸಿದ ಹಾಗೆ.

ಇದೆಲ್ಲ ಎಲ್ಲ ದೇಶಗಳೂ ಮಾಡುವ ನಾಟಕ, ಬಿಡಿ. ನನಗೆ ಮಜಾ ಅನ್ನಿಸಿದ್ದು ಎಣಿಸುವ ರೀತಿ.

ಅಲ್ಲಿಯ ಜನಸಂಖ್ಯೆ ದಾಖಲೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಮಾತೃಭಾಷೆ. ಒಂದೇ ಒಂದು. ಎರಡನೆಯದಕ್ಕೆ ಖಾನೆಯೇ ಇಲ್ಲ. ಹಾಗಂತ ಅದು ಏಕಭಾಷೆಯ ದೇಶವೂ ಅಲ್ಲ. ಫಿನ್ನಿಷ್, ಸ್ವೀಡಿಷ್ ಎರಡೂ ರಾಷ್ಟ್ರಭಾಷೆಗಳು. ವಂತಾದಲ್ಲಿ ಸ್ವೀಡಿಷ್ ಮಾತಾಡುವವರು ನೂರಕ್ಕೆ ಇಬ್ಬರು ಚಿಲ್ಲರೆ. ಆದರೂ ಊರಿನ ಹೆಸರನ್ನು ವಂತಾ ಅಂತಲೂ ಬರೆಯುತ್ತಾರೆ, ವಂದಾ ಅಂತಲೂ ಬರೆಯುತ್ತಾರೆ. ಬರೆಯಲಿ, ಅದು ಸರಿಯೇ. ದೇಶಕ್ಕೆ ಎರಡು ಭಾಷೆ, ಊರಿಗೆ ಎರಡು ಭಾಷೆ, ಮನುಷ್ಯನಿಗೆ ಮಾತ್ರ ಒಂದು. ಅಮ್ಮ ಸ್ವೀಡಿಷ್, ಅಪ್ಪ ಫಿನ್ನಿಷ್ ಆದ ಮನೆಯಲ್ಲೂ ಮಗುವಿಗೆ ಯಾವುದೋ ಒಂದನ್ನು ಆರಿಸಲೇಬೇಕು.

ಈಗ ಆ ಅರ್ಜಿಯ ಮುಂದೆ ನಮ್ಮ ಕರಾವಳಿಯ ಒಂದು ಜೋಡಿಯನ್ನು ಕೂರಿಸಿ ನೋಡಿ. ಅಪ್ಪನದು ತುಳು. ಅಮ್ಮನದು ಕೊಂಕಣಿ. ಅವರಿಬ್ಬರ ಜಗಳ ಕನ್ನಡದಲ್ಲಿ. ಆಫೀಸು ಇಂಗ್ಲಿಷಿನಲ್ಲಿ. ವಂತಾದ ತಿಕ್ಕುರಿಲ ಬಡಾವಣೆಯ ಶಿಶುವಿಹಾರಕ್ಕೆ ಹೋಗುವ ಮಗು ನಿದ್ದೆಯಲ್ಲಿ ಕನವರಿಸುವುದು ಫಿನ್ನಿಷಿನಲ್ಲಿ. ಈಗ ಹೇಳಿ, ಮಾತೃಭಾಷೆ ಯಾವುದು? ನಮ್ಮ ಜನಗಣತಿಯಲ್ಲಿ ಮಾತೃಭಾಷೆ ಬರೆಸಿ, ಗೊತ್ತಿರುವ ಇನ್ನೆರಡು ಭಾಷೆಯನ್ನೂ ಬರೆಸಬಹುದು. 2021ರಲ್ಲಿ ಆಗಬೇಕಿದ್ದ ಗಣತಿ ಹೇಳಿದ ಹೊತ್ತಿಗೆ ನಡೆಯಲೇ ಇಲ್ಲ ಅನ್ನುವುದು ಬೇರೆ ಮಾತು. ಖಾನೆಗಳಂತೂ ಇದ್ದವು.

ತುಳು, ಕೊಂಕಣಿ, ಕನ್ನಡ ಯಾವುದನ್ನೇ ಬರೆಸಿ, ಆ ಮಗು ‘ವಿಯೆರಸ್‌ಕಿಯೆಲಿನೆನ್’ ಆಗುತ್ತದೆ. ಫಿನ್ನಿಷ್, ಸ್ವೀಡಿಷ್, ಅಲ್ಲಿಯ ಮೂಲನಿವಾಸಿಗಳ ಸಾಮಿ ಬಿಟ್ಟು ಬೇರೆ ಭಾಷೆ ಬರೆಸಿದವರಿಗೆಲ್ಲ ಇದೇ ಹೆಸರು. ಪರಭಾಷಿಕ ಅಂತ ಅರ್ಥ. ‘ವಿಯೆರಸ್’ ಅಂದರೆ ಪರಕೀಯ. ಅದೇ ಪದಕ್ಕೆ ಅತಿಥಿ ಅಂತಲೂ ಅರ್ಥವಿದೆ. ಎಷ್ಟು ಅನುಕೂಲದ ಪದ ನೋಡಿ! ಕರೆಯುವಾಗ ಅತಿಥಿ, ಎಣಿಸುವಾಗ ಪರಕೀಯ. ವಂತಾದಲ್ಲಿ ಇಂಥವರು ಈಗ ಕಾಲುಭಾಗಕ್ಕಿಂತ ಜಾಸ್ತಿ, ದೇಶದ ದೊಡ್ಡ ನಗರಗಳಲ್ಲೆಲ್ಲ ಇವರ ಪಾಲು ಅತಿ ಹೆಚ್ಚು ಇರುವುದು ಇಲ್ಲೇ. ಈಚೆಗೆ ಊರು ಬೆಳೆದದ್ದೂ ಹೆಚ್ಚುಕಡಿಮೆ ಇವರಿಂದಲೇ. ಮನೆ ಬಾಡಿಗೆ ಕಟ್ಟಿ, ತೆರಿಗೆ ಕಟ್ಟಿ, ಚಳಿಗಾಲದಲ್ಲಿ ಬಾಗಿಲ ಮುಂದಿನ ಹಿಮವನ್ನೂ ತಾವೇ ಎತ್ತಿಹಾಕುವ ನೆಂಟರು ನಮ್ಮ ಕಡೆ ಸಿಗುವುದಿಲ್ಲ.

ಹಾಗಾದರೆ ‘ಫಿನ್ನಿಷ್’ ಅಂತ ಬದಲಾಯಿಸಿಕೊಳ್ಳಬಾರದೇ? ಧಾರಾಳವಾಗಿ. ಒಂದು ಅರ್ಜಿ ಕೊಟ್ಟರೆ ಆಯಿತು. ರಾತ್ರಿ ಪರಭಾಷಿಕನಾಗಿ ಮಲಗಿದವನು ಬೆಳಗ್ಗೆ ಸ್ವಭಾಷಿಕನಾಗಿ ಎದ್ದುಬಿಡಬಹುದು. ಒಂದು ಪದವನ್ನೂ ಹೊಸದಾಗಿ ಕಲಿಯಬೇಕಾಗಿಲ್ಲ. ಆದರೆ ಹಾಗೆ ಎಲ್ಲರೂ ಬದಲಾಯಿಸಿಕೊಂಡರೆ ನಗರಸಭೆಯ ಕಿಸೆಗೇ ಕತ್ತರಿ. ಯಾಕೆಂದರೆ ಪರಭಾಷಿಕರ ಲೆಕ್ಕ ಹಿಡಿದು ಕೇಂದ್ರದಿಂದ ಊರಿಗೆ ಹೆಚ್ಚಿನ ಅನುದಾನ ಬರುತ್ತದೆ. ಅಂದರೆ ಎಲ್ಲರೂ ಬೇಗ ಬೇಗ ನಮ್ಮವರಾಗಲಿ ಅಂತ ಭಾಷಣ ಮಾಡುವ ಊರಿಗೆ, ಕಾಗದದ ಮೇಲೆ ಅವರು ನೆಂಟರಾಗೇ ಇದ್ದರೆ ಲಾಭ.

ಭಾಷೆ ಬದಲಾಯಿಸಿದರೂ ಪೂರ್ತಿ ಪಾರಾಗಲಿಲ್ಲ ಅನ್ನಿ. ಮೂಲ ಅಂತ ಇನ್ನೊಂದು ಲೆಕ್ಕ ಇದೆ. ಅಪ್ಪ, ಅಮ್ಮ ಇಬ್ಬರೂ ಹೊರದೇಶದಲ್ಲಿ ಹುಟ್ಟಿದ್ದರೆ, ವಂತಾದಲ್ಲೇ ಹುಟ್ಟಿದ ಮಗುವೂ ‘ವಿದೇಶಿ ಮೂಲ’. ಇದನ್ನು ಅರ್ಜಿ ಕೊಟ್ಟು ಬದಲಾಯಿಸುವ ಹಾಗಿಲ್ಲ. ನಮ್ಮಲ್ಲಿ ‘ಮೂಲತಃ ಯಾವ ಕಡೆಯವರು?’ ಅಂತ ಬಸ್ಸಿನಲ್ಲಿ ಪಕ್ಕ ಕೂತವರು ಕೇಳುತ್ತಾರೆ. ಅಲ್ಲಿ ಜನ ಮಿತಭಾಷಿಗಳು, ಆ ಕೆಲಸವನ್ನು ಅಂಕಿಅಂಶದ ಇಲಾಖೆಗೆ ಬಿಟ್ಟಿದ್ದಾರೆ.

ಊರಿಂದ ಮೂರು ತಿಂಗಳಿಗೆ ಬಂದ ಅಜ್ಜಿಯೊಬ್ಬರು ಮೊಮ್ಮಗಳನ್ನು ಕರೆದುಕೊಂಡು ತಿಕ್ಕುರಿಲದ ಆಟದ ಮೈದಾನಕ್ಕೆ ಹೋಗಿದ್ದಾರೆ ಅಂದುಕೊಳ್ಳಿ. ಮರಳಿನ ಗುಂಡಿಯಲ್ಲಿ ನಾಲ್ಕು ಮಕ್ಕಳು. ದಾಖಲೆಯಲ್ಲಿ ಒಂದು ಸೋಮಾಲಿ, ಒಂದು ರಷ್ಯನ್, ಒಂದು ಅಲ್ಬೇನಿಯನ್, ಒಂದು ನಮ್ಮ ಕೊಂಕಣಿ. ನಾಲ್ಕೂ ಪರಭಾಷಿಕ. ಬಕೆಟ್ ಮಾತ್ರ ಒಂದು. ಎಳೆದಾಟ ಶುರುವಾಗುತ್ತದೆ. ಅಜ್ಜಿ ಬಿಡಿಸಲು ಹೋಗುತ್ತಾರೆ. ಯಾವ ಭಾಷೆಯಲ್ಲಿ ಬೈದರೂ ಒಂದೂ ತಿರುಗಿ ನೋಡುವುದಿಲ್ಲ.

“ಸೆ ಓನ್ ಮುನ್! ಸೆ ಓನ್ ಮುನ್!”

“ಏನಂತೆ ಇವುಗಳದ್ದು?” ಅಂತ ಅಜ್ಜಿ ಕೇಳುತ್ತಾರೆ.

ಬಕೆಟ್ಟಿನ ಹಿಡಿ ಬಿಡದೆ ಮೊಮ್ಮಗಳು ಅರ್ಥ ಹೇಳುತ್ತಾಳೆ: “ಅದು ನಂದು ಅಂತ, ಅಜ್ಜಿ.”