ಅಮೆರಿಕದ ಬ್ಲೆಂಡರು, ಮಂಡ್ಯದ ಮೋಟರು

ಮೈಸೂರಿನ ಸರಸ್ವತಿಪುರಂ, ಕುವೆಂಪುನಗರದ ಕಡೆ ಅಮೆರಿಕಕ್ಕೆ ಬಾಣಂತನಕ್ಕೆ ಹೋಗಿಬಂದ ಅಜ್ಜಿಯರಿರುವ ಮನೆಗಳ ಅಟ್ಟ ಹುಡುಕಿ. ಒಂದು ಬ್ಲೆಂಡರು ಸಿಗುತ್ತದೆ. ನೋಡಲು ಹೊಚ್ಚ ಹೊಸದು. ಅದು ಜೀವಮಾನದಲ್ಲಿ ದುಡಿದದ್ದು ಅರ್ಧ ಬಟ್ಟಲು ಕಾಯಿಚಟ್ನಿಯಷ್ಟು.

ಅದರ ಅವಸಾನ ಹೀಗಾಗುತ್ತದೆ. ಚಪ್ಪಟೆ ಪಿನ್ನು ನಮ್ಮ ದುಂಡು ತೂತಿಗೆ ಹೋಗುವುದಿಲ್ಲ. ಮನೆಯಲ್ಲಿ ತಿಳಿದವರೊಬ್ಬರು ಅಡಾಪ್ಟರ್ ತರುತ್ತಾರೆ. ಅದು ಬದಲಿಸುವುದು ಪಿನ್ನಿನ ಆಕಾರವನ್ನಷ್ಟೇ. ವೋಲ್ಟೇಜಿನ ಸುದ್ದಿಗೇ ಹೋಗುವುದಿಲ್ಲ. ಬ್ಲೆಂಡರಿನ ತಳದಲ್ಲಿ ಬರೆದಿರುವುದು 120 ವೋಲ್ಟ್, 60 ಹರ್ಟ್ಸ್ (ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಆಡುತ್ತದೆ ಎಂಬ ಲೆಕ್ಕ). ಗೋಡೆಯಲ್ಲಿರುವುದು 230 ವೋಲ್ಟ್, 50 ಹರ್ಟ್ಸ್. ಗುಂಡಿ ಒತ್ತಿದ್ದೇ ತಡ, ಮಂಡಕಳ್ಳಿಯಿಂದ ವಿಮಾನ ಎದ್ದ ಹಾಗೆ ಸದ್ದು. "ನೋಡಿದ್ರಾ, ಫಾರಿನ್ ಮಾಲು!" ಎನ್ನುವಷ್ಟರಲ್ಲಿ ಕಾರ್ಬನ್ ಬ್ರಷ್ಷಿನಲ್ಲಿ ಕಿಡಿ, ಹಿಂದೆಯೇ ವಾರ್ನಿಷ್ ಸುಟ್ಟ ವಾಸನೆ.

ಆಮೇಲೆ ಎಲ್ಲರೂ ಎಂಸಿಬಿಯನ್ನು (ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಯಾಕೆ ಬೀಳಲಿಲ್ಲವೆಂದು ಬೈಯುತ್ತಾರೆ. ಪಾಪ, ಅದರದ್ದೇನು ತಪ್ಪು? 700 ವ್ಯಾಟಿನ ಬ್ಲೆಂಡರು 120 ವೋಲ್ಟಿನಲ್ಲಿ ಸುಮಾರು 6 ಆಂಪ್ಸ್ ಎಳೆಯುತ್ತದೆ. ದುಪ್ಪಟ್ಟಾದರೂ 12. ಹದಿನಾರು ಆಂಪ್ಸಿನ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಅದು ಕಾಯುವುದು ಗೋಡೆಯೊಳಗಿನ ವೈರನ್ನು, ಅಜ್ಜಿಯ ಬ್ಲೆಂಡರನ್ನಲ್ಲ. ಮೋಟರಿನೊಳಗೆ ಸುತ್ತಿದ ತಂತಿಗೆ, ಅಂದರೆ ವೈಂಡಿಂಗಿಗಾದರೋ, ಕರೆಂಟು ದುಪ್ಪಟ್ಟಾದರೆ ಶಾಖ ನಾಲ್ಕು ಪಟ್ಟು.

ಬೇಕಾದದ್ದು ವೋಲ್ಟೇಜು ಇಳಿಸುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್. 700 ವ್ಯಾಟಿನ ಮೋಟರಿಗೆ 1500 ವಿಎ (ವೋಲ್ಟ್-ಆಂಪಿಯರ್, ಟ್ರಾನ್ಸ್‌ಫಾರ್ಮರಿನ ತಾಕತ್ತಿನ ಅಳತೆ) ಇರಲಿ. ಶುರುವಾಗುವಾಗ ಮೋಟರಿನ ಹಸಿವು ಜಾಸ್ತಿ. ಎತ್ತಿದರೆ ಸೊಂಟ ನೋಯಬೇಕು, ಹಾಗಿದ್ದರೆ ಅಸಲಿ. ಅಂಗೈಯಲ್ಲಿ ಹಿಡಿಯುವ ಹಗುರ 'ಕನ್ವರ್ಟರ್' ಇಸ್ತ್ರಿಪೆಟ್ಟಿಗೆಯಂಥ ಕಾಯುವ ವಸ್ತುಗಳಿಗೆ, ಮೋಟರಿಗಲ್ಲ.

ಟ್ರಾನ್ಸ್‌ಫಾರ್ಮರು ಹರ್ಟ್ಸ್ ಬದಲಿಸುವುದಿಲ್ಲ. ಬ್ರಷ್ ಮೋಟರಿಗೆ ಅದರ ಗೊಡವೆ ಇಲ್ಲ. ಬ್ರಷ್ಷಿಲ್ಲದ ಇಂಡಕ್ಷನ್ ಮೋಟರಾದರೆ ಆರರಲ್ಲಿ ಐದು ಪಾಲು ವೇಗಕ್ಕಿಳಿದು, ಸಾಲದ್ದಕ್ಕೆ ಬಿಸಿಯೂ ಆಗುತ್ತದೆ; ಅದಕ್ಕೆ 120ರ ಬದಲು 100 ವೋಲ್ಟ್ ಕೊಡಬೇಕು. (1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೊರಟ ಕರೆಂಟು 25 ಹರ್ಟ್ಸಿನದು. ಅವತ್ತು ಇಂಥ ಮೋಟರು ಸಿಕ್ಕಿದ್ದರೆ ಅದರ ಗತಿ ಏನೋ!)

ಮಂಡ್ಯ ಕಡೆ ರೋಗ ಉಲ್ಟಾ. ಸಂಜೆ ವೋಲ್ಟೇಜು 170ಕ್ಕೆ ಇಳಿದಾಗಲೇ ಸಂಪಿನ ಒಂದು ಎಚ್‌ಪಿ ಮೋಟರು ಹಾಕುವ ಉಮೇದು. ತಿರುಗುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಅರ್ಧಕ್ಕಿಂತ ಚೂರು ಹೆಚ್ಚಷ್ಟೇ ಉಳಿದಿರುತ್ತದೆ. ಮೋಟರು ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. "ಒಸಿ ತಡಿಯಣ್ಣೋ, ಎತ್ಕತದೆ" ಎಂದು ಕಾಯುವ ಪ್ರತಿ ಕ್ಷಣವೂ ನಾಲ್ಕೈದು ಪಟ್ಟು ಕರೆಂಟು ನಿಂತಲ್ಲೇ ಸುಡುತ್ತಿರುತ್ತದೆ. ಗುಂಯ್ ಅಂದ ತಕ್ಷಣ ಆಫ್ ಮಾಡಿ. ಸ್ಕ್ರೂಡ್ರೈವರಿನಿಂದ ಫ್ಯಾನು ತಿರುಗಿಸಿ ಎಬ್ಬಿಸುವ ವಿದ್ಯೆ ಬೇಡ. ಬೆರಳು ಹತ್ತೇ ಇರುವುದು.

ಬೋರ್ಡಿನಲ್ಲಿ 220 ತೋರಿಸಿತೆಂದು ನಂಬಿ ಕೂರಬೇಡಿ, ಮೋಟರಿನ ಬುಡದಲ್ಲಿ ಅದು ಶುರುವಾಗುವಾಗಲೇ ಅಳೆಯಿಸಿ. ಒಂದು ಚದರ ಮಿಲಿಮೀಟರಿನ ತಾಮ್ರದ ವೈರನ್ನು 40 ಮೀಟರ್ ಎಳೆದಿದ್ದರೆ, ಶುರುವಿನ 30 ಆಂಪ್ಸಿಗೆ ಸುಮಾರು 40 ವೋಲ್ಟು ದಾರಿಯಲ್ಲೇ ಖರ್ಚು. ಎರಡೂವರೆ ಚದರದ್ದು ಹಾಕಿದರೆ 17.

ವೋಲ್ಟೇಜು ಸರಿಯಿದ್ದೂ ಗುಂಯ್ ಅಂದರೆ ಅನುಮಾನ ಕೆಪಾಸಿಟರಿನ (ಮೋಟರಿಗೆ ಶುರುವಿನ ತಳ್ಳು ಕೊಡುವ ಡಬ್ಬಿ) ಮೇಲೆ. ಇಲ್ಲೊಬ್ಬ ಸಲಹೆಗಾರ ಹುಟ್ಟುತ್ತಾನೆ: "ದೊಡ್ಡದು ಹಾಕ್ಬುಡು, ನೀರು ಜೋರಾಗಿ ಬತ್ತದೆ." ನೀರಲ್ಲ, ಹೊಗೆ ಬರುತ್ತದೆ, ಸಹಾಯಕ ವೈಂಡಿಂಗು ಸುಡುತ್ತದೆ. ಮೋಟರಿನ ಮೇಲಿನ ವಿವರದ ಪ್ಲೇಟಿನಲ್ಲಿರುವಷ್ಟೇ ಮೈಕ್ರೋಫ್ಯಾರಡ್ (ಕೆಪಾಸಿಟರಿನ ಅಳತೆ) ಹಾಕಿ. ಸದಾ ಸರ್ಕ್ಯೂಟಿನಲ್ಲೇ ಇರುವ ರನ್ ಕೆಪಾಸಿಟರಾದರೆ 440 ವೋಲ್ಟಿನದು ತನ್ನಿ. ಅದರ ಮೇಲೆ ಬೀಳುವ ಒತ್ತಡ ಲೈನಿನ 230ಕ್ಕಿಂತ ಹೆಚ್ಚು.

ಪ್ಲೇಟು ಕಾಣಿಸುತ್ತಿಲ್ಲವೇ? ಆಯುಧಪೂಜೆಗೆ ಮೋಟರಿಗೆ ಹಸಿರು ಪೇಂಟು ಹೊಡೆಸಿದವರು ಪ್ಲೇಟನ್ನೂ ಬಿಟ್ಟಿರುವುದಿಲ್ಲ. ಮೇನ್ ಆಫ್ ಮಾಡಿ, ಬಟ್ಟೆಗೆ ಚೂರು ಥಿನ್ನರ್ ಹಾಕಿ ಮೆಲ್ಲಗೆ ಒರೆಸಿ. ಅಂಕಿ ಕೆತ್ತಿದ್ದಾದರೆ ಉಳಿಯುತ್ತದೆ, ಸ್ಟಿಕ್ಕರಾದರೆ ಅದೂ ಪೇಂಟಿನ ಜೊತೆಗೇ ಹೋಗುತ್ತದೆ.